ಮೂವತ್ತೇಳು ವರ್ಷ ತಡವಾದ ಮುಗುಳ್ನಗೆ

ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ನಗುವುದು ನಮ್ಮ ಹಿರಿಯರ ವಾಡಿಕೆ. ಆ ಗಾದೆಯನ್ನು ಕಟ್ಟಿದವರು ಒಂದೋ ಎರಡೋ ಕುಲಾವಿಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ೧೯೬೬ರ ಚಳಿಗಾಲದಲ್ಲಿ ಅಮೆರಿಕದ ಕ್ಯಾಪಿಟಲ್ ಎಂಬ ಗ್ರಾಮಫೋನು ಸಂಸ್ಥೆ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಕುಲಾವಿಗಳನ್ನು ಹೊಲಿಸಿತು. ಎಂದರೆ, ಇನ್ನೂ ಪೂರ್ತಿಯಾಗದಿದ್ದ ಒಂದು ಗಾನಸಂಪುಟಕ್ಕೆ ಅಷ್ಟು ಸಂಖ್ಯೆಯ ರಟ್ಟಿನ ಹೊದಿಕೆಗಳನ್ನು ಬಣ್ಣಬಣ್ಣದಲ್ಲಿ ಅಚ್ಚು ಹಾಕಿಸಿತು. ಹೊದಿಕೆಯ ಮೇಲೆ ಒಂದು ಪುಟ್ಟ ಅಂಗಡಿಯ ಚಿತ್ರ. ಆ ಅಂಗಡಿಯಲ್ಲಿ ಮಾರಾಟಕ್ಕಿದ್ದ ಸರಕು ಮುಗುಳ್ನಗೆ. ಸಂಪುಟದ ಹೆಸರೂ ಅದೇ: 'ಸ್ಮೈಲ್'. ಹಿಂಬದಿಯಲ್ಲಿ ಹನ್ನೆರಡು ಹಾಡುಗಳ ಹೆಸರುಗಳಿದ್ದವು. ಆದರೆ ಯಾವುದು ಮೊದಲು, ಯಾವುದು ನಂತರ ಎಂಬುದು ಹಾಡು ಕಟ್ಟಿದವನಿಗೇ ನಿಶ್ಚಯವಾಗಿರಲಿಲ್ಲ. ಆದ್ದರಿಂದ, ಸರಿಯಾದ ಅನುಕ್ರಮವನ್ನು ತಟ್ಟೆಯ ನಡುವಿನ ಚೀಟಿಯಲ್ಲಿ ನೋಡಿಕೊಳ್ಳಬೇಕೆಂಬ ಸೂಚನೆಯೊಂದನ್ನು ಅಲ್ಲಿ ಮುದ್ರಿಸಲಾಗಿತ್ತು.

ಆ ಚೀಟಿ ಅಚ್ಚಾಗಲಿಲ್ಲ. ತಟ್ಟೆ ಬರಲಿಲ್ಲ. ಕಾದಿದ್ದವರು ಕಾದೇ ಇದ್ದರು. ಕೂಸು ಜನಿಸಿದ್ದು ೨೦೦೪ರಲ್ಲಿ, ಮೂವತ್ತೇಳು ವರ್ಷ ತಡವಾಗಿ, ಅದೂ ಬೇರೊಂದು ದೇಶದ ರಂಗಮಂಟಪದ ಮೇಲೆ.

ಈ ಪತ್ರಿಕೆಯ ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾಯುವ ವಾಚಕರಿಗೆ ಕಾಯುವಿಕೆಯ ರುಚಿಯನ್ನು ನಾನು ವಿವರಿಸಬೇಕಾಗಿಲ್ಲ. ಅಂಚೆಯವನು ಒಂದು ದಿನ ತಡಮಾಡಿದರೆ ನಮಗೆ ಆಗುವ ಕಳವಳ ನಮಗೇ ಗೊತ್ತು. ಕಥಾನಾಯಕಿ ಬಾಗಿಲ ಬಳಿ ನಿಂತಿದ್ದಾಗ 'ಮುಂದುವರಿಯುವುದು' ಎಂದು ಬರೆದು ಕಾದಂಬರಿಕಾರರು ಎದ್ದು ಹೋದರು. ಮೂವತ್ತೇಳು ವರ್ಷ ಹಿಂದಿರುಗಲಿಲ್ಲ ಎಂದು ಭಾವಿಸಿಕೊಳ್ಳಿ. ಆಗ ನಮ್ಮ ಉತ್ಸಾಹ ಏನಾಗುತ್ತಿತ್ತು? ಆರಿಹೋಗುತ್ತಿತ್ತೋ, ಮುನಿಸಾಗಿ ತಿರುಗುತ್ತಿತ್ತೋ, ಅಥವಾ ಮತ್ತೇನಾದರೂ ಆಗಿ ಬೆಳೆಯುತ್ತಿತ್ತೋ? ಈ ಪ್ರಶ್ನೆಗೆ ಉತ್ತರವನ್ನು ಊಹಿಸಬೇಕಾಗಿಲ್ಲ. 'ಸ್ಮೈಲ್' ಸಂಪುಟದ ಚರಿತ್ರೆಯೇ ಅದಕ್ಕೆ ಉತ್ತರವಾಗಿದೆ.

ಲಾಸ್ ಏಂಜಲೀಸ್ ನಗರದ ಬಳಿಯ ಹಾಥಾರ್ನ್ ಎಂಬ ಊರಿನಲ್ಲಿ ೧೯೬೧ರಲ್ಲಿ ಐವರು ತರುಣರು ಕೂಡಿ ಒಂದು ಮೇಳವನ್ನು ಕಟ್ಟಿದರು. ಬ್ರಯನ್, ಡೆನ್ನಿಸ್, ಕಾರ್ಲ್ ಎಂಬ ವಿಲ್ಸನ್ ಮನೆತನದ ಮೂವರು ಸೋದರರು; ಅವರ ಸೋದರತ್ತೆಯ ಮಗ ಮೈಕ್ ಲವ್; ಗೆಳೆಯ ಅಲ್ ಜಾರ್ಡೀನ್. ಮೇಳದ ಹೆಸರು 'ಬೀಚ್ ಬಾಯ್ಸ್', ಎಂದರೆ ಕಡಲತೀರದ ಹುಡುಗರು. ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಜಾರುವ ಆಟ, ವೇಗದ ಕಾರುಗಳು, ಬಿಸಿಲು, ಹುಡುಗಿಯರು ಇವೇ ಅವರ ಹಾಡಿನ ವಸ್ತುಗಳು. ವಿನೋದದ ಸಂಗತಿಯೆಂದರೆ, ಆ ಐವರಲ್ಲಿ ನಿಜವಾಗಿ ಅಲೆಯ ಮೇಲೆ ಜಾರುವ ಗೀಳಿದ್ದವನು ಡೆನ್ನಿಸ್ ಒಬ್ಬನೇ. ಹಾಡು ಕಟ್ಟುತ್ತಿದ್ದ ಬ್ರಯನ್‌ಗೆ ಕಡಲಿಗಿಂತ ಪಿಯಾನೋ ಪ್ರಿಯ. ಅವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಉಳಿದ ಒಂದೇ ಕಿವಿಯಿಂದ ಆತ ಐದು ಕಂಠಗಳ ಮೇಳೈಸುವಿಕೆಯನ್ನು ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡನೆಂದರೆ, ಸಂಗೀತಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವರೂ ಬೆರಗಾಗುವಂಥ ಸ್ವರಸಂಯೋಜನೆಗಳು ಅವನಿಂದ ಹೊರಟವು.

ಕೀರ್ತಿಯ ಬೆನ್ನಿಗೇ ದಣಿವು ಬಂದಿತು. ೧೯೬೪ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ನಗರಕ್ಕೆ ಹೊರಟಿದ್ದ ವಿಮಾನದಲ್ಲಿ ಬ್ರಯನ್ ಭಯದಿಂದ ಕುಸಿದುಹೋದನು. ಆಗ ಅವನ ವಯಸ್ಸು ಇಪ್ಪತ್ತೆರಡು. ಅಂದಿನಿಂದ ಒಂದು ಹೊಸ ಏರ್ಪಾಡಾಯಿತು. ಉಳಿದವರು ಊರೂರು ತಿರುಗಿ ಹಾಡತಕ್ಕದ್ದು. ಬ್ರಯನ್ ಮನೆಯಲ್ಲಿ ಉಳಿದು, ಧ್ವನಿಮುದ್ರಣಾಲಯದಲ್ಲಿ ಹೊಸ ಹಾಡುಗಳನ್ನು ಸಿದ್ಧಗೊಳಿಸತಕ್ಕದ್ದು. ಮೇಳದವರು ಪ್ರವಾಸದಿಂದ ಮರಳುವ ಹೊತ್ತಿಗೆ ವಾದ್ಯಭಾಗವೆಲ್ಲ ಮುಗಿದು, ಅವರ ಕಂಠಕ್ಕಾಗಿ ಕಾದಿರುತ್ತಿತ್ತು.

ಆ ಕಾಲದವರೆಗೆ ಆಲ್ಬಮ್ ಎಂಬುದಕ್ಕೆ ವಿಶೇಷ ಗೌರವವಿರಲಿಲ್ಲ. ಜನಪ್ರಿಯವಾದ ಒಂದೆರಡು ಹಾಡುಗಳ ಜೊತೆಗೆ ಬರಿಯ ಭರ್ತಿಗಾಗಿ ಹತ್ತು ಹಾಡುಗಳನ್ನು ಸೇರಿಸಿ ಮಾರುವ ಸರಕು ಅದು. ೧೯೬೫ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬೀಟಲ್ಸ್ ಮೇಳದವರು 'ರಬ್ಬರ್ ಸೋಲ್' ಎಂಬ ಸಂಪುಟವನ್ನು ಹೊರತಂದರು. ಅದನ್ನು ಕೇಳಿದ ಬ್ರಯನ್‌ಗೆ ಒಂದು ಬೆಳಕು ಮೂಡಿತು: ಸಂಪುಟದಲ್ಲಿ ಭರ್ತಿಯ ಹಾಡೇ ಇರಬೇಕಾಗಿಲ್ಲ, ಮೊದಲಿಂದ ಕೊನೆಯವರೆಗೆ ಅದು ಒಂದೇ ಕೃತಿಯಾಗಬಲ್ಲದು. ಇದಕ್ಕೆ ಅವನು ಕೊಟ್ಟ ಪ್ರತ್ಯುತ್ತರ ೧೯೬೬ರ ಮೇ ತಿಂಗಳ 'ಪೆಟ್ ಸೌಂಡ್ಸ್'. ಅಮೆರಿಕದಲ್ಲಿ ಅದು ಮಾರಾಟದ ಪಟ್ಟಿಯ ಹತ್ತನೆಯ ಸ್ಥಾನಕ್ಕೆ ನಿಂತಿತು. ಇಂಗ್ಲೆಂಡಿನಲ್ಲಿ ಎರಡನೆಯ ಸ್ಥಾನಕ್ಕೇರಿತು. ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿ ಆ ಸಂಪುಟದಿಂದ ತಾನು ಪಡೆದ ಪ್ರೇರಣೆಯನ್ನು ಮುಂದೆ ಅನೇಕ ಬಾರಿ ಮನಸಾರೆ ಒಪ್ಪಿಕೊಂಡಿದ್ದಾನೆ. ಸಾಗರದ ಎರಡು ದಡಗಳಲ್ಲಿ ನಿಂತ ಇಬ್ಬರು ಬಿನ್ನಾಣಿಗಳು ಒಬ್ಬರ ಕೆಲಸವನ್ನು ನೋಡಿ ಮತ್ತೊಬ್ಬರು ಉಳಿಯನ್ನು ಹರಿತಗೊಳಿಸಿಕೊಂಡಂತಿತ್ತು ಈ ಸ್ಪರ್ಧೆ.

ಅನಂತರ ಬಂದ 'ಗುಡ್ ವೈಬ್ರೇಷನ್ಸ್' ಎಂಬ ಒಂದೇ ಒಂದು ಹಾಡು ಈ ಸ್ಪರ್ಧೆಯ ಸ್ವರೂಪವನ್ನೇ ಬದಲಿಸಿತು. ಅದು ಮೂರೂವರೆ ನಿಮಿಷಗಳ ಹಾಡು. ಅದರ ಮುದ್ರಣ ಮಾತ್ರ ೧೯೬೬ರ ಫೆಬ್ರವರಿಯಿಂದ ಸೆಪ್ಟೆಂಬರಿನವರೆಗೆ ನಾಲ್ಕು ಮುದ್ರಣಾಲಯಗಳಲ್ಲಿ ನಡೆಯಿತು. ಬ್ರಯನ್ ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಸಲಕ್ಕೆ ಹಾಡಿಸಿ ಮುದ್ರಿಸುವ ಪದ್ಧತಿಯನ್ನು ಕೈಬಿಟ್ಟನು. ಒಂದೊಂದು ಚರಣವನ್ನೂ ಒಂದೊಂದು ತುಣುಕಾಗಿ, ಬೇರೆ ಬೇರೆ ದಿನ, ಬೇರೆ ಬೇರೆ ಕೊಠಡಿಯ ಗುಂಯ್‌ಗುಡುವಿಕೆಯಲ್ಲಿ ಮುದ್ರಿಸಿದನು. ಬಳಿಕ ಟೇಪನ್ನು ಅಲಗಿನಿಂದ ಕತ್ತರಿಸಿ, ಅಂಟಿಸಿ, ಹಾಡನ್ನು ಕಟ್ಟಿದನು. ಅಕ್ಟೋಬರಿನಲ್ಲಿ ಹೊರಬಂದ ಆ ಹಾಡು ಅಮೆರಿಕ, ಇಂಗ್ಲೆಂಡು ಎರಡೂ ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ವರ್ಷದ ಕೊನೆಗೆ ಇಂಗ್ಲೆಂಡಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯ ಓದುಗರು ಮತ ಹಾಕಿ, ಜಗತ್ತಿನ ಶ್ರೇಷ್ಠ ಗಾಯನ ಮೇಳವೆಂದು ಬೀಟಲ್ಸ್ ಬದಲು ಬೀಚ್ ಬಾಯ್ಸ್ ಅವರನ್ನು ಆರಿಸಿದರು. ಬೀಟಲ್ಸ್ ಮೇಳದವರ ತವರಿನಲ್ಲಿಯೇ ಹೀಗಾದದ್ದು ಸಣ್ಣ ಮಾತಲ್ಲ.

ಒಂದು ಹಾಡೇ ಹೀಗಿದ್ದರೆ ಇಡೀ ಸಂಪುಟ ಹೇಗಿದ್ದೀತು? ಅಭಿಮಾನಿಗಳ ಎದೆಯಲ್ಲಿ ಎದ್ದ ಪ್ರಶ್ನೆ ಇದು. ಪತ್ರಿಕೆಗಳು ಈ ಕುತೂಹಲಕ್ಕೆ ಗಾಳಿ ಹಾಕಿದವು. ಹಿಂದೆ ಬೀಟಲ್ಸ್ ಮೇಳದ ಪತ್ರಿಕಾ ಪ್ರತಿನಿಧಿಯಾಗಿದ್ದ ಡೆರೆಕ್ ಟೇಲರ್ ಈಗ ಬೀಚ್ ಬಾಯ್ಸ್ ಪರವಾಗಿ ಲೇಖನಿ ಹಿಡಿದಿದ್ದನು. ಬ್ರಯನ್ ವಿಲ್ಸನ್ ಒಬ್ಬ ಅಸಾಧಾರಣ ಪ್ರತಿಭಾಶಾಲಿ ಎಂಬ ಘೋಷಣೆಯನ್ನು ಆತ ಹೋದಲ್ಲೆಲ್ಲ ಬಿತ್ತಿದನು. ಆ ಮಾತು ಸುಳ್ಳಲ್ಲ. ಆದರೆ ನಿಜವಾದ ಹೊಗಳಿಕೆಯೇ ಹೆಚ್ಚು ಅಪಾಯಕರ. ಸುಳ್ಳು ಹೊಗಳಿಕೆಯನ್ನು ಜಾಣನು ನಕ್ಕು ಕೊಡವಿಕೊಳ್ಳಬಲ್ಲ. ನಮ್ಮ ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲಕ್ಕೆ ಹೋಲಿಸಿದ್ದು ಈ ಅನುಭವದಿಂದಲೇ ಇರಬೇಕು. ಶೂಲ ಹೊನ್ನಿನದಾದ ಮಾತ್ರಕ್ಕೆ ಅದರ ಮೊನೆ ಮೊಂಡಾಗುವುದಿಲ್ಲ.

ಇನ್ನು ಬ್ರಯನ್‌ನ ಸಂಕಲ್ಪವನ್ನು ನೋಡೋಣ. ಹರೆಯದವರ ಪರವಾಗಿ ದೇವರಿಗೆ ಅರ್ಪಿಸುವ ಒಂದು ಸಿಂಫನಿಯನ್ನು ತಾನು ರಚಿಸುತ್ತಿರುವುದಾಗಿ ಆತ ಹೇಳಿಕೊಂಡನು. ಸಾಹಿತ್ಯರಚನೆಗೆ ಅವನು ಆರಿಸಿಕೊಂಡದ್ದು ವ್ಯಾನ್ ಡೈಕ್ ಪಾರ್ಕ್ಸ್ ಎಂಬ ಇಪ್ಪತ್ತಮೂರು ವಯಸ್ಸಿನ ಕವಿಯನ್ನು. ಶ್ಲೇಷೆಯಲ್ಲಿಯೂ ಪದಚಮತ್ಕಾರದಲ್ಲಿಯೂ ಆತ ನಮ್ಮ ಚಂಪೂಕವಿಗಳಿಗೆ ಬಂಧುವಾಗಬಲ್ಲವನು. ವಲಸಿಗರು ಬಂದಿಳಿದ ಪ್ಲಿಮತ್ ಬಂಡೆಯಿಂದ ಹಿಡಿದು, ರೈಲುದಾರಿ ಸಾಗಿದ ಬಯಲುಗಳನ್ನು ಹಾದು, ಹವಾಯಿ ದ್ವೀಪದವರೆಗೆ ಅಮೆರಿಕದ ಕಥೆಯನ್ನು ಹಾಡಿನಲ್ಲಿ ಹೇಳುವುದು ಒಂದು ಎಳೆ. ಶೈಶವದಿಂದ ಪ್ರೌಢತೆಯವರೆಗಿನ ಬಾಳು ಮತ್ತೊಂದು ಎಳೆ. ಭೂಮಿ, ಜಲ, ಅಗ್ನಿ, ವಾಯುಗಳೆಂಬ ಭೂತಗಳು ಮೂರನೆಯ ಎಳೆ. ಇವೆಲ್ಲವುಗಳ ನಡುವೆ ನಗುವಿರಬೇಕು, ಹೆಸರೇ ಅದಲ್ಲವೇ? ಇಪ್ಪತ್ತನಾಲ್ಕರ ತರುಣನೊಬ್ಬನಿಗೆ, ನಲಿದಾಟದ ಹಾಡುಗಳ ಮೇಳದ ಯಜಮಾನನಿಗೆ, ಇದು ಎತ್ತಲು ಸಣ್ಣ ಭಾರವಾಗಿರಲಿಲ್ಲ.

ಭಾರ ಹೊರಲಾರದ್ದಾದದ್ದು ಎಲ್ಲಿ ಎಂಬುದನ್ನು ತಿಳಿಯಲು ಕೆಲಸದ ರೀತಿಯನ್ನು ಗಮನಿಸಬೇಕು. ಒಂದು ಹಾಡನ್ನು ತುಣುಕುಗಳಿಂದ ಕಟ್ಟಿ ಗೆದ್ದವನು ಇಡೀ ಸಂಪುಟವನ್ನೇ ಹಾಗೆ ಕಟ್ಟಲು ಹೊರಟನು. ಈ ಹಾಡಿನ ಪಲ್ಲವಿ ಆ ಹಾಡಿಗೆ ಹೋಗಬಹುದು. ಒಂದು ಹಾಡಿನ ನಡುವಣ ರಾಗ ಮತ್ತೊಂದರ ಮೊದಲಾಗಬಹುದು. 'ಹೀರೋಸ್ ಅಂಡ್ ವಿಲನ್ಸ್' ಎಂಬ ಒಂದು ಹಾಡಿಗೇ ಲೆಕ್ಕವಿಲ್ಲದಷ್ಟು ಖಂಡಗಳು ಸಿದ್ಧವಾದವು. ಹತ್ತು ತುಣುಕುಗಳನ್ನು ಬೇರೆ ಬೇರೆ ಅನುಕ್ರಮದಲ್ಲಿ ಜೋಡಿಸಿದರೆ ಮೂವತ್ತಾರು ಲಕ್ಷಕ್ಕೂ ಮೇಲ್ಪಟ್ಟ ಬಗೆಗಳಾಗುತ್ತವೆಂಬುದು ಗಣಿತದ ಮಾತು. ಒಂದೊಂದು ಬಗೆಯನ್ನು ಪರೀಕ್ಷಿಸಬೇಕಾದರೂ ಟೇಪನ್ನು ಕೈಯಿಂದಲೇ ಕತ್ತರಿಸಬೇಕು, ಕೈಯಿಂದಲೇ ಅಂಟಿಸಬೇಕು. ಆಯ್ಕೆಗೆ ಕೊನೆಯಿಲ್ಲ, ಅಲಗು ಒಂದೇ, ಅದನ್ನು ಹಿಡಿದ ಕೈಯೂ ಒಂದೇ.

ತೊಡಕುಗಳು ಒಂದರ ಮೇಲೊಂದು ಬಂದವು. ೧೯೬೬ರ ನವೆಂಬರ್ ೨೮ರಂದು ಅಗ್ನಿಯನ್ನು ಕುರಿತ ವಾದ್ಯಖಂಡದ ಮುದ್ರಣ ನಡೆಯಿತು. ವಾದ್ಯಗಾರರೆಲ್ಲರ ತಲೆಗೂ ಬ್ರಯನ್ ಆಟಿಕೆಯ ಅಗ್ನಿಶಾಮಕ ಟೊಪ್ಪಿಗೆಗಳನ್ನು ಹಾಕಿಸಿದನು. ಆ ಸಂಗೀತ ನಿಜಕ್ಕೂ ಭಯಂಕರವಾಗಿದೆ. ಅದೇ ವೇಳೆಗೆ ಸಮೀಪದಲ್ಲಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದ ಸುದ್ದಿ ಕೇಳಿ, ತನ್ನ ಸಂಗೀತವೇ ಅದಕ್ಕೆ ಕಾರಣವಾಯಿತೇನೋ ಎಂದು ಆತ ನಡುಗಿದನು. ಮಾದಕವಸ್ತುಗಳ ಸೇವನೆ ಅವನ ಮನಸ್ಸನ್ನು ಕಲಕುತ್ತಿತ್ತು. ಮುಂದೆ ವೈದ್ಯರು ಗುರುತಿಸಿದ ಮನೋವ್ಯಾಧಿ ಒಳಗೊಳಗೇ ಬೆಳೆಯುತ್ತಿತ್ತು. ಪ್ರವಾಸದಿಂದ ಮರಳಿದ ಮೈಕ್ ಲವ್‌ಗೆ ಪಾರ್ಕ್ಸ್ ಬರೆದ ಸಾಲುಗಳ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹಾಡುವುದು ಹೇಗೆಂದು ಆತ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ; ಆದರೆ ಆ ಪ್ರಶ್ನೆ ಬಂದ ಗಳಿಗೆ ಒಳ್ಳೆಯದಾಗಿರಲಿಲ್ಲ. ಗೌರವಧನದ ಲೆಕ್ಕದ ವಿಚಾರವಾಗಿ ಮೇಳಕ್ಕೂ ಕ್ಯಾಪಿಟಲ್ ಸಂಸ್ಥೆಗೂ ವ್ಯಾಜ್ಯ ಹತ್ತಿತು. ೧೯೬೭ರ ವಸಂತದ ವೇಳೆಗೆ ಪಾರ್ಕ್ಸ್ ಕೆಲಸ ಬಿಟ್ಟು ಹೋದನು.

ಹೊರಗೆ ಮಾತ್ರ ಉತ್ಸಾಹ ಏರುತ್ತಲೇ ಇತ್ತು. ಡಿಸೆಂಬರಿಗೆಂದಿದ್ದ ಬಿಡುಗಡೆ ಜನವರಿಗೆ ಹೋಯಿತು, ಜನವರಿಯೂ ಕಳೆಯಿತು. ೧೯೬೭ರ ಏಪ್ರಿಲ್ ೨೫ರಂದು ಸಂಗೀತ ವಿದ್ವಾಂಸ ಲಿಯೊನಾರ್ಡ್ ಬರ್ನ್‌ಸ್ಟೀನ್ ನಡೆಸಿಕೊಟ್ಟ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಬ್ರಯನ್ ಒಬ್ಬನೇ ಪಿಯಾನೋ ಮುಂದೆ ಕುಳಿತು 'ಸರ್ಫ್ಸ್ ಅಪ್' ಎಂಬ ಹಾಡನ್ನು ಹಾಡಿದನು. ಅಲೆಯಾಟದ ಹಾಡಿನ ಹೆಸರು ಹೊತ್ತಿದ್ದರೂ ಅದು ಗಂಭೀರವಾದ ಗೀತೆ. ಅದನ್ನು ಕೇಳಿದವರಿಗೆ ಬರಲಿರುವುದು ಸಾಮಾನ್ಯ ವಸ್ತುವಲ್ಲವೆಂಬುದು ಖಚಿತವಾಯಿತು. ಇದಾದ ಹನ್ನೊಂದು ದಿನಗಳಿಗೆ, ಮೇ ೬ರಂದು, ಇಂಗ್ಲೆಂಡಿನ ಒಂದು ಸಂಗೀತ ವಾರಪತ್ರಿಕೆಯಲ್ಲಿ ಸುದ್ದಿ ಬಂದಿತು: 'ಸ್ಮೈಲ್' ಸಂಪುಟವನ್ನು ಕೈಬಿಡಲಾಗಿದೆ. ಅದನ್ನು ಪ್ರಕಟಿಸಿದವನು, ಹಿಂದೆ ಪ್ರತಿಭೆಯ ಡಂಗುರ ಸಾರಿದ್ದ ಡೆರೆಕ್ ಟೇಲರನೇ.

ಅದೇ ತಿಂಗಳ ಕೊನೆಯಲ್ಲಿ ಬೀಟಲ್ಸ್ ಮೇಳದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಇಂಗ್ಲೆಂಡಿನ ಅಂಗಡಿಗಳಿಗೆ ಬಂದಿತು. ಅದರ ಭಾಗ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಬೀಟಲ್ಸ್ ಮೇಳದವರು ೧೯೬೬ರ ಆಗಸ್ಟಿನಲ್ಲಿ ಊರೂರು ಹಾಡುವುದನ್ನು ನಿಲ್ಲಿಸಿದ್ದರು. ಅವರ ಕಾಲ ಮುಗಿಯಿತೇ ಎಂದು ಪತ್ರಿಕೆಗಳು ಶಂಕಿಸತೊಡಗಿದ್ದವು. ಆ ಶಂಕೆಯ ಮರೆಯಲ್ಲಿ ಅವರಿಗೆ ಐದು ತಿಂಗಳ ಏಕಾಂತ ದೊರೆಯಿತು. ಮೇಲಾಗಿ, ಅವರ ಬೆನ್ನಿಗೆ ಜಾರ್ಜ್ ಮಾರ್ಟಿನ್ ಎಂಬ ಹಿರಿಯನಿದ್ದನು. ಅವರೂ ತುಣುಕುಗಳನ್ನು ಜೋಡಿಸಿದವರೇ. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎಂಬ ಹಾಡು ಬೇರೆ ಬೇರೆ ಶ್ರುತಿ, ಬೇರೆ ಬೇರೆ ಕಾಲಪ್ರಮಾಣಗಳ ಎರಡು ಮುದ್ರಣಗಳನ್ನು ಬೆಸೆದು ಮಾಡಿದ್ದು. ಆದರೆ ಬೆಸೆಯಬೇಕೆಂಬ ಆಸೆ ಕವಿಯದು. ಬೆಸೆಯುವ ಹೊಣೆ ಮಾರ್ಟಿನ್ ಮತ್ತು ಅವನ ಸಹಾಯಕನದು. ಬ್ರಯನ್ ಮಾತ್ರ ರಾಗ ಕಟ್ಟುವವನೂ ತಾನೇ, ವಾದ್ಯಗಳನ್ನು ಹೊಂದಿಸುವವನೂ ತಾನೇ, ಹಾಡುವವನೂ ತಾನೇ, ಸಾಕು ಎನ್ನಬೇಕಾದವನೂ ತಾನೇ. ಸಾಕು ಎನ್ನುವ ಕೆಲಸವನ್ನು ಯಾವ ಕಲಾವಿದನಿಗೂ ಒಬ್ಬಂಟಿಯಾಗಿ ಒಪ್ಪಿಸಬಾರದು.

ಸೆಪ್ಟೆಂಬರಿನಲ್ಲಿ ಬೀಚ್ ಬಾಯ್ಸ್ 'ಸ್ಮೈಲಿ ಸ್ಮೈಲ್' ಎಂಬ ಬೇರೊಂದು ಸಂಪುಟವನ್ನು ಹೊರತಂದರು. ಹಳೆಯ ಹಾಡುಗಳಲ್ಲಿ ಕೆಲವನ್ನು ಬ್ರಯನ್‌ನ ಮನೆಯಲ್ಲಿ ಸರಳವಾಗಿ ಮತ್ತೆ ಹಾಡಿ ಮಾಡಿದ ಸಂಪುಟ ಅದು. ಶಾಂತವಾಗಿ ಕೇಳಿದರೆ ಅದರಲ್ಲಿಯೂ ಒಂದು ವಿಚಿತ್ರವಾದ ಸೊಗಸಿದೆ. ಆದರೆ ಅರಮನೆಯನ್ನು ನಿರೀಕ್ಷಿಸಿದವರಿಗೆ ಗುಡಿಸಲಿನ ಸೊಗಸು ಕಾಣುವುದೆಂತು? ಅಮೆರಿಕದಲ್ಲಿ ಅದು ನಲವತ್ತೊಂದನೆಯ ಸ್ಥಾನದಲ್ಲಿ ನಿಂತುಬಿಟ್ಟಿತು. ನಿನ್ನೆಯವರೆಗೆ ಜಯಕಾರ ಹಾಕಿದವರು ಇಂದು ಬೇರೆ ಮೇಳದ ಕಡೆಗೆ ಮುಖ ತಿರುಗಿಸಿದರು. ಬ್ರಯನ್ ಕ್ರಮೇಣ ತನ್ನ ಕೋಣೆಯನ್ನು ಸೇರಿದನು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ಅಂಕಣದಲ್ಲಿ ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅತಿಯಾದ ಉತ್ಸಾಹ ಕೇಡೆಂಬ ನೀತಿಯನ್ನು ಹೇಳಲು ಇಷ್ಟು ದೂರ ಹೋಗಬೇಕಾಗಿಲ್ಲ. ಕಥೆಯ ಉತ್ತರಾರ್ಧ ಆರಂಭವಾಗುವುದು ಈ ಸೋಲಿನ ನಂತರವೇ.

ಮುಖ ತಿರುಗಿಸದ ಕೆಲವರಿದ್ದರು. ೧೯೬೯ರಲ್ಲಿ ಹೊರಬಂದ ಸಂಪುಟವೊಂದರಲ್ಲಿ 'ಸ್ಮೈಲ್' ಕಾಲದ ಎರಡು ಹಾಡುಗಳು ಕಾಣಿಸಿಕೊಂಡವು. ೧೯೭೧ರಲ್ಲಿ 'ಸರ್ಫ್ಸ್ ಅಪ್' ಪೂರ್ಣರೂಪದಲ್ಲಿ ಬಂದಿತು. ಒಂದೊಂದು ಹಾಡು ಬಂದಾಗಲೂ ಈ ಕೆಲವರು, ಉಳಿದುದು ಎಲ್ಲಿ ಎಂದು ಕೇಳಿದರು. ಮುಂದೆ ಮುದ್ರಣಾಲಯದ ಟೇಪುಗಳ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಹರಿದಾಡತೊಡಗಿದವು. ಅಭಿಮಾನಿಗಳು ತಮ್ಮ ಮನೆಯ ಟೇಪುಯಂತ್ರದಲ್ಲಿ ಆ ತುಣುಕುಗಳನ್ನು ತಮಗೆ ತೋರಿದ ಅನುಕ್ರಮದಲ್ಲಿ ಜೋಡಿಸಿ, ಇದೇ ಬ್ರಯನ್‌ನ ಮನಸ್ಸಿನಲ್ಲಿದ್ದ ಸಂಪುಟವೆಂದು ವಾದಿಸಿದರು. ಮತ್ತೊಬ್ಬರು ಅಲ್ಲವೆಂದರು. ಹಳೆಯ ಪತ್ರಿಕೆಯ ಸಂದರ್ಶನಗಳು, ಮುದ್ರಣದ ದಿನಚರಿ, ಹೊದಿಕೆಯ ಹಿಂಬದಿಯ ಹನ್ನೆರಡು ಹೆಸರುಗಳು ಎಲ್ಲವೂ ಸಾಕ್ಷ್ಯಗಳಾದವು. ೧೯೮೮ರಲ್ಲಿ ಈ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಡೊಮೆನಿಕ್ ಪ್ರಯೋರ್ ಎಂಬಾತ ಒಂದು ಗ್ರಂಥವನ್ನೇ ಹೊರತಂದನು.

ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನಾಶಾಸ್ತ್ರವನ್ನು ಓದಿದವರಿಗೆ ಈ ಕೆಲಸದ ಪರಿಚಯವಿರುತ್ತದೆ. ತಾಳೆಯೋಲೆಯ ಕಟ್ಟಿನ ದಾರ ಕಡಿದು ಗರಿಗಳು ಕಲೆತುಹೋಗಿವೆ. ಕೆಲವು ಗರಿಗಳನ್ನು ಗೆದ್ದಲು ತಿಂದಿದೆ. ಒಂದೇ ಪದ್ಯಕ್ಕೆ ಮೂರು ಪಾಠಾಂತರಗಳಿವೆ. ಸಂಪಾದಕನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಕವಿಯ ಮನಸ್ಸಿಗೆ ಸಮೀಪವಾದುದನ್ನು ಹುಡುಕುತ್ತಾನೆ. ಪಂಪ ರನ್ನರು ಇಂದು ನಮ್ಮ ಕೈಗೆ ಸಿಕ್ಕಿರುವುದು ಇಂಥ ಶ್ರಮದಿಂದಲೇ. ಒಂದೇ ವ್ಯತ್ಯಾಸ: ನಮ್ಮ ಕವಿಗಳು ಕಾವ್ಯವನ್ನು ಪೂರೈಸಿ ಲೋಕವನ್ನು ಬಿಟ್ಟವರು, ಬ್ರಯನ್ ಕಾವ್ಯವನ್ನು ಪೂರೈಸದೆ ಲೋಕದಲ್ಲಿಯೇ ಇದ್ದವನು. ಕವಿ ಬದುಕಿರುವಾಗಲೇ, ಅವನ ಅಪ್ಪಣೆಯಿಲ್ಲದೆ, ಅವನು ನೆನೆಯಲೂ ಅಂಜುತ್ತಿದ್ದ ಕೃತಿಯನ್ನು ಬಿಚ್ಚಿ ಜೋಡಿಸುವುದು ಸರಿಯೇ? ಕದ್ದ ಪ್ರತಿ ಕದ್ದ ಪ್ರತಿಯೇ. ಪ್ರೀತಿಯಿಂದ ಕದ್ದರೆ ಅದು ದಾನವಾಗುವುದಿಲ್ಲ. ಆ ಹಾಡುಗಳ ಮಾತೆತ್ತಿದರೆ ಬ್ರಯನ್ ಬಹುಕಾಲ ಮುದುಡಿಕೊಳ್ಳುತ್ತಿದ್ದನೆಂಬುದನ್ನು ಮರೆಯುವಂತಿಲ್ಲ. ಆದರೂ ಈ ಗುಂಪಿನ ಉತ್ಸಾಹ ೧೯೬೬ರ ಉತ್ಸಾಹಕ್ಕಿಂತ ಬೇರೆ ಜಾತಿಯದು. ಅದಕ್ಕೆ ಬಿಡುಗಡೆಯ ದಿನಾಂಕವಿರಲಿಲ್ಲ. ಅದು ಯಾರನ್ನೂ ಯಾರೊಡನೆಯೂ ಪಂದ್ಯಕ್ಕೆ ಹೂಡಿರಲಿಲ್ಲ. ಇದ್ದಷ್ಟನ್ನು ಮತ್ತೆ ಮತ್ತೆ ಕೇಳುವುದೇ ಅದರ ಕೆಲಸವಾಗಿತ್ತು.

ಆ ಕೇಳುವಿಕೆಯಿಂದಲೇ ಬಿಡುಗಡೆಯ ದಾರಿ ತೆರೆಯಿತು. ೧೯೯೦ರ ದಶಕದ ಕೊನೆಯಲ್ಲಿ ಬ್ರಯನ್ ಮತ್ತೆ ರಂಗದ ಮೇಲೆ ಹಾಡತೊಡಗಿದಾಗ ಅವನ ಹಿಂದೆ ನಿಂತ ವಾದ್ಯಗಾರರಲ್ಲಿ ಕೆಲವರು, ಅವನ ಹಾಡುಗಳನ್ನು ಬಾಲ್ಯದಿಂದ ಆರಾಧಿಸಿ ಬೆಳೆದವರು. ಅವರಲ್ಲೊಬ್ಬನಾದ ಡೇರಿಯನ್ ಸಹನಾಜ ಹಳೆಯ ತುಣುಕುಗಳನ್ನು ಗಣಕಯಂತ್ರಕ್ಕೆ ಸೇರಿಸಿಕೊಂಡು ಬ್ರಯನ್ ಎದುರಿಗೆ ಕುಳಿತನು. ಹಿಂದೆ ಅಲಗಿನಿಂದ ದಿನಗಟ್ಟಲೆ ಕತ್ತರಿಸಬೇಕಾಗಿದ್ದ ಕೆಲಸ ಈಗ ಕ್ಷಣಗಳಲ್ಲಿ ನಡೆಯುತ್ತಿತ್ತು. ಈ ತುಣುಕಿನ ನಂತರ ಇದು ಬಂದರೆ ಹೇಗೆ ಎಂದು ಕೇಳಬಹುದಾಗಿತ್ತು; ಬೇಡವೆಂದರೆ ಹಿಂದಕ್ಕೆ ಸರಿಸಬಹುದಾಗಿತ್ತು. ವ್ಯಾನ್ ಡೈಕ್ ಪಾರ್ಕ್ಸ್ ಮರಳಿ ಬಂದು ಬಿಟ್ಟುಹೋಗಿದ್ದ ಸಾಲುಗಳನ್ನು ತುಂಬಿದನು. ೧೯೬೬ರಲ್ಲಿ ಬ್ರಯನ್‌ಗೆ ಇಲ್ಲದಿದ್ದುದು ಈಗ ಒದಗಿತ್ತು: ಪಕ್ಕದಲ್ಲಿ ಕುಳಿತು, ಕೇಳಿಸಿಕೊಂಡು, ಆತುರಪಡಿಸದ ಒಬ್ಬ ಜೊತೆಗಾರ.

೨೦೦೪ರ ಫೆಬ್ರವರಿ ೨೦ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ 'ಸ್ಮೈಲ್' ಮೊದಲ ಬಾರಿಗೆ ಆದ್ಯಂತವಾಗಿ ಕೇಳಿಬಂದಿತು. ಬ್ರಯನ್‌ಗೆ ಆಗ ಅರವತ್ತೊಂದು ವರ್ಷ. ರಂಗವನ್ನೇರುವ ಮುನ್ನ ಆತ ಭಯದಿಂದ ಕಂಗೆಟ್ಟಿದ್ದನು. ಅಗ್ನಿಯ ಖಂಡ ಬಂದಾಗ ವಾದ್ಯಗಾರರು ಮತ್ತೆ ಆಟಿಕೆಯ ಟೊಪ್ಪಿಗೆಗಳನ್ನು ಧರಿಸಿದರು. ಈ ಬಾರಿ ಎಲ್ಲಿಯೂ ಬೆಂಕಿ ಬೀಳಲಿಲ್ಲ. ಮುಗಿದಾಗ ಸಭೆ ಎದ್ದು ನಿಂತು ಬಹಳ ಹೊತ್ತು ಕರತಾಡನ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸದಾಗಿ ಮುದ್ರಿಸಿದ ಸಂಪುಟ ಅಂಗಡಿಗಳಿಗೆ ಬಂದಿತು. ಹಿಂದೆ ಅವನನ್ನು ನಡುಗಿಸಿದ್ದ ಆ ಅಗ್ನಿಖಂಡಕ್ಕೇ ಬ್ರಯನ್ ತನ್ನ ಜೀವಮಾನದ ಮೊದಲ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದನು. ೨೦೧೧ರಲ್ಲಿ ಬೀಚ್ ಬಾಯ್ಸ್ ಹಾಡಿದ್ದ ಮೂಲ ಟೇಪುಗಳೂ 'ದ ಸ್ಮೈಲ್ ಸೆಷನ್ಸ್' ಎಂಬ ಹೆಸರಿನಲ್ಲಿ ಅಧಿಕೃತವಾಗಿ ಪ್ರಕಟವಾದವು.

ಆದರೆ ಕಾಲಕ್ಕೆ ತೆರಿಗೆ ಸಲ್ಲಿಸದೆ ಯಾರೂ ದಾಟುವಂತಿಲ್ಲ. ಡೆನ್ನಿಸ್ ೧೯೮೩ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದನು. ಕಾರ್ಲ್ ೧೯೯೮ರಲ್ಲಿ ರೋಗದಿಂದ ಮಡಿದಿದ್ದನು. ಯಾವ ಕಂಠಗಳಿಗಾಗಿ ಆ ಹಾಡುಗಳನ್ನು ಕಟ್ಟಲಾಗಿತ್ತೋ ಅವುಗಳಲ್ಲಿ ಎರಡು ಲಂಡನ್ನಿನಲ್ಲಿ ಇರಲಿಲ್ಲ. ಇಪ್ಪತ್ತನಾಲ್ಕರ ಬ್ರಯನ್‌ನ ದೇವಗಂಠವೂ ಇರಲಿಲ್ಲ. ಅಪೂರ್ಣವಾಗಿದ್ದಾಗಲೇ ಸಂಪುಟ ಚೆನ್ನಾಗಿತ್ತು, ಕಲ್ಪನೆಯಲ್ಲಿದ್ದ ಸ್ಮೈಲ್‌ಗೆ ಕೈಗೆ ಬಂದ ಸ್ಮೈಲ್ ಸಮನಲ್ಲ ಎಂದ ಅಭಿಮಾನಿಗಳೂ ಉಂಟು. ಅವರ ಮಾತನ್ನು ನಾನು ಒಪ್ಪಲಾರೆ. ಕಲ್ಪನೆಯ ಕೃತಿಗೆ ದೋಷವಿಲ್ಲದಿರುವುದು ಅದು ಶ್ರೇಷ್ಠವಾದುದರಿಂದಲ್ಲ, ಅದು ಇಲ್ಲವಾದುದರಿಂದ. ನಡುಗುವ ದನಿಯಲ್ಲಿಯಾದರೂ ಪೂರ್ತಿಯಾಗಿ ಹಾಡಿದ ಹಾಡಿಗೆ ನನ್ನ ಮನ್ನಣೆ.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕವಿಯೊಬ್ಬನೇ ಸಾಲದೆಂದು ಕಂಡುಕೊಂಡಿದ್ದರು. ಸಹೃದಯನಿಲ್ಲದೆ ರಸವಿಲ್ಲ. ಆ ಪದವನ್ನು ನಾವು ರಸಜ್ಞ, ಪಂಡಿತ ಎಂಬಂಥ ಬಿರುದಾಗಿ ಬಳಸಿ ಬಳಸಿ ಅದರ ಮೂಲಾರ್ಥವನ್ನು ಸವೆಸಿದ್ದೇವೆ. ಸಮಾನವಾದ ಹೃದಯವುಳ್ಳವನು ಎಂಬುದು ಅದರ ನೇರವಾದ ಅರ್ಥ. ಕವಿಯ ಹೃದಯ ನಡುಗುತ್ತಿರುವಾಗ ತನ್ನ ಹೃದಯದಲ್ಲಿಯೂ ಅದನ್ನು ಅರಿಯಬಲ್ಲವನು ಬೇಗ ಕೊಡು ಎಂದು ಬಾಗಿಲು ಬಡಿಯಲಾರ. ೧೯೬೬ರ ಅಭಿಮಾನಿಗಳು ದುಷ್ಟರಾಗಿರಲಿಲ್ಲ. ಅವರ ಉತ್ಸಾಹ ಪ್ರಾಮಾಣಿಕವಾದುದೇ. ಬ್ರಯನ್‌ನ ಕುಸಿತಕ್ಕೆ ಅವರೇ ಕಾರಣರೆಂದು ಹೇಳುವುದೂ ಅನ್ಯಾಯ. ವ್ಯಾಧಿ, ವ್ಯಸನ, ವ್ಯಾಜ್ಯ, ಒಂಟಿತನ ಎಲ್ಲಕ್ಕೂ ಅದರಲ್ಲಿ ಪಾಲಿತ್ತು. ಆದರೆ ಆ ಉತ್ಸಾಹಕ್ಕೆ ಕೃತಿಯ ಮೇಲಿದ್ದಷ್ಟು ಪ್ರೀತಿ ಕೃತಿಕಾರನ ಮೇಲಿರಲಿಲ್ಲ. ಬಾರದಿದ್ದಾಗ ಅದು ಎದ್ದು ಹೋಯಿತು. ಸಹನಾಜನ ಪೀಳಿಗೆಯ ಉತ್ಸಾಹ ಕುಳಿತುಕೊಂಡಿತು.

ಈಗಿನ ಕಾಲದಲ್ಲಿ ಹೊಸ ಸಂಪುಟಕ್ಕಾಗಿ ಅಂಗಡಿಯ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ನಡುರಾತ್ರಿಯ ಗಂಟೆ ಹೊಡೆದೊಡನೆ ಅದು ಜಗತ್ತಿನ ಎಲ್ಲ ಕೈಫೋನುಗಳಿಗೂ ಒಮ್ಮೆಲೇ ಇಳಿಯುತ್ತದೆ. ಬೆಳಗಾಗುವುದರೊಳಗೆ ತೀರ್ಪೂ ಹೊರಬೀಳುತ್ತದೆ. ನಮ್ಮ ವಿದ್ಯಾರ್ಥಿಗಳು ತಾವು ಮೆಚ್ಚಿದ ಮೇಳದ ಸಂಪುಟ ಆರು ತಿಂಗಳು ತಡವಾದರೆ ಕೆರಳುವುದನ್ನು ನಾನು ನೋಡಿದ್ದೇನೆ. ಅವರ ಉತ್ಸಾಹವನ್ನು ನಾನು ಹಳಿಯುವುದಿಲ್ಲ. ಏನನ್ನೂ ಕಾಯದವನಿಗಿಂತ ಒಂದು ಹಾಡಿಗಾಗಿ ಕಾಯುವವನು ಮೇಲು. ತಡವಾದುದು ತಮಗಾದ ಅಪಮಾನವಲ್ಲ, ಆ ಕಡೆಯಲ್ಲಿ ಯಾರೋ ಒಬ್ಬರು ಅಲಗು ಹಿಡಿದು ತಲೆತಗ್ಗಿಸಿ ಕುಳಿತಿರಬಹುದು ಎಂಬುದನ್ನು ಮಾತ್ರ ಅವರು ನೆನೆಯಲಿ ಎಂದು ನನ್ನ ಆಶೆ.

ಬ್ರಯನ್ ವಿಲ್ಸನ್ ೨೦೨೫ರ ಜ��ನ್ ೧೧ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ಕಾಲವಶನಾದನು. ಆಸಕ್ತರಾದ ವಾಚಕರು ಮೊದಲು ೨೦೦೪ರ ಸಂಪುಟವನ್ನು ಕೇಳಿ, ಆಮೇಲೆ ೨೦೧೧ರ ಹಳೆಯ ಟೇಪುಗಳನ್ನು ಕೇಳಬೇಕು. ಮೊದಲನೆಯದರಲ್ಲಿ ಅನುಕ್ರಮವಿದೆ, ಎರಡನೆಯದರಲ್ಲಿ ಯೌವನವಿದೆ. ಎರಡನೆಯದರ ನಡುನಡುವೆ ವಾದ್ಯಗಾರರಿಗೆ ಸೂಚನೆ ಕೊಡುವ ಒಂದು ಎಳೆಯ ದನಿ ಕೇಳಿಸುತ್ತದೆ: ಇನ್ನೊಮ್ಮೆ ಬಾರಿಸಿ, ಇನ್ನೂ ಸ್ವಲ್ಪ ನಿಧಾನವಾಗಿ, ಚೆನ್ನಾಗಿದೆ, ಇನ್ನೊಮ್ಮೆ. ಮುಂದೇನಾಗಲಿದೆಯೆಂದು ಆ ದನಿಗೆ ತಿಳಿಯದು. ನಮಗೆ ತಿಳಿದಿದೆ. ಆದುದರಿಂದ ಅದನ್ನು ಸ್ವಲ್ಪ ಸಾವಧಾನದಿಂದ ಕೇಳುವುದು ನಮ್ಮ ಪಾಲಿಗೆ ಬಂದಿರುವ ಕೆಲಸ.